ಮೊದಲ ಬಾಸ್ಕೆಟ್ ಬೀಳುವ ತನಕ

ಆಡುವಾಗ ಪೆಟ್ಟಾಗದ ಹಾಗೆ ಹಲ್ಲಿಗೆ ಹಾಕಿಕೊಳ್ಳುವ ರಬ್ಬರನ್ನು ನಲ್ಲಿಯ ಕೆಳಗೆ ಹಿಡಿದು ಎಷ್ಟು ತೊಳೆದರೂ ನಿನ್ನೆಯ ಎಂಜಲಿನ ವಾಸನೆ ಹೋಗಲಿಲ್ಲ. ವರ್ನೆಟ್ ಅದನ್ನು ಮೂಗಿನ ಹತ್ತಿರ ತಂದಳು, ಇನ್ನೊಮ್ಮೆ ತೊಳೆದಳು, ಮತ್ತೆ ಮೂಸಿದಳು. ಬೇಸಿನ್ನಿನ ತೂತಿನ ಸುತ್ತ ಯಾರದೋ ಕೂದಲು, ಕಾಲಿಗೆ ಸುತ್ತಿ ಕಿತ್ತೆಸೆದ ಅಂಟುಪಟ್ಟಿಯ ಚೂರು. ಮೊದಲೆಲ್ಲ ಆಟದ ದಿನ ಬೆಳಿಗ್ಗೆ ಇದನ್ನು ಉಜ್ಜಿ ತೊಳೆಯುತ್ತಿದ್ದರು. ಜೂನ್‌ನಲ್ಲಿ ತಂಡ ಊರು ಬಿಡುವ ಸುದ್ದಿ ಹೊರಬಿದ್ದ ಮೇಲೆ ಯಾರೂ ಉಜ್ಜಿಲ್ಲ. ಖಾಲಿ ಮಾಡುವ ಮನೆಯನ್ನು ಯಾರು ಗುಡಿಸುತ್ತಾರೆ. ಸೆಪ್ಟೆಂಬರಿನ ಈ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಹ್ಯಾರೋಫರ್ಡ್ ಸ್ಪಿಂಡಲ್ಸ್ ಅನ್ನುವ ಹೆಂಗಸರ ಬಾಸ್ಕೆಟ್‌ಬಾಲ್ ತಂಡದ ಕೊನೆಯ ಆಟ. ಮುಂದಿನ ವರ್ಷ ಇದೇ ತಂಡ ಬೇರೆ ಹೆಸರು, ಬೇರೆ ಬಣ್ಣ ಹಾಕಿಕೊಂಡು ಡೆನ್ವರ್‌ನಲ್ಲಿ ಆಡುತ್ತದೆ. ಈ ಊರಿನ ನೂಲಿನ ಗಿರಣಿ ಮುಚ್ಚಿ ನಲವತ್ತು ವರ್ಷವಾಗಿತ್ತು. ಸ್ಪಿಂಡಲ್ ಅಂದರೆ ನೂಲುವ ಕದಿರು; ಆ ಹೆಸರೊಂದು ತಂಡದ ಅಂಗಿಯ ಮೇಲೆ ಉಳಿದಿತ್ತು, ಅದೂ ಇವತ್ತಿಗೆ ಮುಗಿಯಿತು. ಅವಳಿಗೆ ಮೂವತ್ತೈದು ವರ್ಷ. ಹನ್ನೆರಡು ವರ್ಷ ಇಲ್ಲೇ ಆಡಿದ್ದಳು. ಎಡ ಮೊಣಕಾಲಿನಿಂದ ಮೊನ್ನೆ ತಾನೇ ಸೂಜಿ ಹಾಕಿ ನೀರು ತೆಗೆದಿದ್ದರು. ಆ ಹಳದಿ ನೀರನ್ನು ಡಾಕ್ಟರು ಬೆಳಕಿಗೆ ಹಿಡಿದು ನೋಡಿದ್ದು, ಅದರೊಳಗೆ ರಕ್ತದ ಒಂದು ಎಳೆ ತೇಲುತ್ತಿದ್ದದ್ದು ಅವಳಿಗೆ ಈಗ ಕಾರಣವಿಲ್ಲದೆ ನೆನಪಾಯಿತು. ತನ್ನೊಳಗಿಂದ ಅಂಥದ್ದು ಬರುತ್ತದೆ ಅನ್ನುವುದು ಆಗ ಆಶ್ಚರ್ಯವಾಗಿರಲಿಲ್ಲ.

"ಏ ಅಜ್ಜಿ, ಅದನ್ನೇನ್ ಹಂಗೆ ಮೂಸ್ತಿದೀಯ? ಅತ್ತರಾ ಅದು?" ಡಾಜಾ ಬಾಗಿಲಿಗೆ ಒರಗಿ ನಿಂತಿದ್ದಳು. ಇಪ್ಪತ್ತೆರಡರ ಹುಡುಗಿ; ವರ್ನೆಟ್ ಆಡುತ್ತಿದ್ದ ಜಾಗದಲ್ಲಿ ಈಗ ಆಡುವವಳು. ತಂಡದಲ್ಲಿ ವರ್ನೆಟ್‌ಗೆ ಅಜ್ಜಿ ಅನ್ನುವ ಹೆಸರಿಟ್ಟವಳೂ ಅವಳೇ.

"ನಿನ್ ವಯಸ್ಸಲ್ಲಿ ನಂಗೂ ವಾಸನೆ ಬರ್ತಿರ್ಲಿಲ್ಲ."

"ಇವತ್ತು ನನ್ ಜಾಗ ನಿಂಗೆ ಬಿಟ್ಕೊಡ್ಬೇಕಂತೆ. ಲಿಂಡ್ ಹೇಳ್ದ. ಅಳ್ಬೇಡ ಮತ್ತೆ, ಕ್ಯಾಮೆರಾ ಇಟ್ಟಿದಾರೆ." ಹೇಳಿ, ನಕ್ಕು, ಹೋದಳು. ಅವಳ ಚಪ್ಪಲಿಯ ಸದ್ದು ಓಣಿಯುದ್ದಕ್ಕೂ ಕೇಳಿಸಿತು. ಡಾಜಾಳನ್ನು ಕಂಡರೆ ವರ್ನೆಟ್‌ಗೆ ಸಿಟ್ಟಿರಲಿಲ್ಲ. ಡಾಜಾ ಯಾರಿಗೂ ಏನೂ ಹೇಳಿರಲಿಲ್ಲ, ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಅವಳು ಡೆನ್ವರ್‌ಗೆ ಹೋಗುತ್ತಿದ್ದದ್ದು ಒಂದು ಸೂಟ್‌ಕೇಸು ಹೋಗುವ ಹಾಗೆ.

ಬೆಳಗಿನ ಅಭ್ಯಾಸ ಮುಗಿದ ಮೇಲೆ ಲಿಂಡ್ ಕೋರ್ಟಿಗೆ ಬಂದ. ತಂಡದ ಮ್ಯಾನೇಜರು. ಬಿಳಿ ಬೂಟು ಹಾಕಿಕೊಂಡು, ಆಡುವವರ ಮಧ್ಯೆ ತಾನೂ ಆಡಿದವನ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವವನು. ಅವನ ಕತ್ತಿನಲ್ಲಿ ಕ್ಷೌರ ಮಾಡಿದ್ದ ಜಾಗ ಕೆಂಪಗೆ ಚಿಕ್ಕ ಚಿಕ್ಕ ಗುಳ್ಳೆ ಎದ್ದಿತ್ತು. ಮಾತಾಡುವಾಗ ವರ್ನೆಟ್ ಅದನ್ನೇ ನೋಡುತ್ತಿದ್ದಳು.

"ವರ್ನಿ, ಮೊದಲ ಬಾಸ್ಕೆಟ್ ನಿಂದು. ಅವರ ಕಡೆಯವರ ಹತ್ರ ಮಾತಾಡಿದೀನಿ. ಅವರಿಗೂ ಇವತ್ತು ಗೆದ್ರೂ ಅಷ್ಟೇ, ಸೋತ್ರೂ ಅಷ್ಟೇ. ಚೆಂಡು ನಮಗೇ ಬಿಟ್ಕೊಡ್ತಾರೆ, ಯಾರೂ ಅಡ್ಡ ಬರಲ್ಲ. ನೀನು ಆರಾಮಾಗಿ ನಡ್ಕೊಂಡು ಹೋಗಿ ಹಾಕ್ಬಿಡು. ಇಡೀ ಊರು ನಿನ್ ಬಾಸ್ಕೆಟ್‌ಗೆ ಕೂತ್ಕೊಳ್ಳತ್ತೆ. ಕಣ್ಣಲ್ಲಿ ನೀರು ಬರತ್ತೆ ನೋಡು ಜನಕ್ಕೆ."

ಈ ಊರಿನಲ್ಲಿ ಹಾಗೊಂದು ರೂಢಿ. ಆಟ ಶುರುವಾಗುವಾಗ ಎಲ್ಲರೂ ಎದ್ದು ನಿಲ್ಲುತ್ತಾರೆ. ತಮ್ಮ ತಂಡದ ಮೊದಲ ಬಾಸ್ಕೆಟ್ ಬೀಳುವ ತನಕ ಚಪ್ಪಾಳೆ ತಟ್ಟುತ್ತ ನಿಂತೇ ಇರುತ್ತಾರೆ. ಬಿದ್ದ ಮೇಲೆ ಒಟ್ಟಿಗೇ ಕೂರುತ್ತಾರೆ. ಒಮ್ಮೆ ಐದು ನಿಮಿಷ ಒಂದೂ ಬೀಳಲಿಲ್ಲ. ವರ್ನೆಟ್ ಬಂದ ಎರಡನೇ ವರ್ಷ. ಮುದುಕರು, ಬಸುರಿಯರು, ಕೈಯಲ್ಲಿ ಬಿಯರ್ ಲೋಟ ಹಿಡಿದ ಗಂಡಸರು, ಯಾರೂ ಕೂರಲಿಲ್ಲ. ಚಪ್ಪಾಳೆ ಸುಸ್ತಾಗಿ, ಮತ್ತೆ ಸಿಟ್ಟಿನಿಂದ ಎದ್ದು, ಕೊನೆಗೆ ಒಂದೇ ತಾಳಕ್ಕೆ ಬಿದ್ದು, ಎಲ್ಲರೂ ಸೇರಿ ಭಾರವಾದ ಏನನ್ನೋ ಎಳೆಯುತ್ತಿರುವ ಹಾಗೆ ಕೇಳಿಸಿತ್ತು. ಅವತ್ತು ಅವಳಿಗೆ ಈ ಊರಿನ ಮೇಲೆ ಪ್ರೀತಿ ಹುಟ್ಟಿತ್ತು. ಅಥವಾ ಜನ ತನಗಾಗಿ ಕಾಲುನೋವು ಸಹಿಸಿಕೊಂಡು ನಿಲ್ಲುತ್ತಾರೆ ಅನ್ನುವುದರ ಮೇಲೆ. ಎರಡೂ ಒಂದೇ ಅಲ್ಲ ಅನ್ನುವುದು ಆಗ ಗೊತ್ತಾಗಿರಲಿಲ್ಲ.

"ಅಡ್ಡ ಬರ್ದೇ ಇದ್ರೆ ಅದು ಬಾಸ್ಕೆಟ್ ಹೆಂಗಾಗತ್ತೆ?" ಅಂದಳು.

"ಬೋರ್ಡಲ್ಲಿ ಎರಡು ಅಂತ ಬರತ್ತಲ್ಲ, ಹಂಗಾಗತ್ತೆ." ಲಿಂಡ್ ಅವಳ ಭುಜ ತಟ್ಟಿದ. "ಇನ್ನೊಂದು ಇದೆ, ಅದು ಸರ್ಪ್ರೈಸ್. ಆಟಕ್ಕೆ ಮುಂಚೆ ಪರದೆ ಮೇಲೆ ನೋಡು." ಭುಜದ ಮೇಲೆ ಅವನ ಅಂಗೈಯ ಬೆವರು ಉಳಿಯಿತು. ಅವಳದೂ ಬೆವರೇ; ಆದರೂ ಅವಳು ಅಂಗಿಯ ಆ ಜಾಗವನ್ನು ಹಿಡಿದು ಚರ್ಮದಿಂದ ದೂರ ಎಳೆದಳು.

ಜನವರಿಯಲ್ಲೂ ಅವನು ಹೀಗೇ ತಟ್ಟಿದ್ದ. ಅವನ ಕೋಣೆಯ ಕಿಟಕಿಯಾಚೆ ಪಾರ್ಕಿಂಗ್ ಜಾಗದಲ್ಲಿ ಹಿಮ ಮೊಣಕಾಲುದ್ದ ಬಿದ್ದಿತ್ತು. ಹೊಸ ವರ್ಷಕ್ಕೆ ಅವಳು ಜಡೆಗಳನ್ನೆಲ್ಲ ತೆಗೆಸಿ ತಲೆ ನುಣ್ಣಗೆ ಮಾಡಿಸಿಕೊಂಡಿದ್ದಳು, ಕಿವಿಗೆ ಚಳಿಯಾಗುತ್ತಿತ್ತು. ತಂಡ ಡೆನ್ವರ್‌ಗೆ ಹೋಗುತ್ತದೆ, ಇನ್ನೂ ಯಾರಿಗೂ ಗೊತ್ತಿಲ್ಲ, ಗೊತ್ತಾಗಲೂ ಬಾರದು. ಆಟ ಬಿಟ್ಟ ಮೇಲೆ ನಿನಗೆ ಅಲ್ಲಿ ಸಹಾಯಕ ಕೋಚ್ ಕೆಲಸ. ಹೀಗೆ ಮೂರು ಮಾತಿನಲ್ಲಿ ಹೇಳಿದ. ಅವಳು ಅವನ ಕೈ ಕುಲುಕಿದಳು. ಬಾಗಿಲ ಹತ್ತಿರ ನಿಂತಿದ್ದ ಯಾರೋ ಫೋನಿನಲ್ಲಿ ಫೋಟೊ ತೆಗೆದರು. ಇಲ್ಲಿ ಆಟ ಬೇಸಿಗೆಯಲ್ಲಿ ಮಾತ್ರ. ಹತ್ತು ಚಳಿಗಾಲ ಹಂಗೇರಿಯಲ್ಲಿ, ಟರ್ಕಿಯಲ್ಲಿ, ಬಿಸಿನೀರು ಬಾರದ ಕೋಣೆಗಳಲ್ಲಿ ಇದ್ದುಕೊಂಡು ಪರದೇಶದ ತಂಡಗಳಿಗೆ ಆಡಿ ಬಂದವಳಿಗೆ, ಮುಂದೆ ಏನು ಅನ್ನುವ ಪ್ರಶ್ನೆಗೆ ಯಾರೋ ಉತ್ತರ ಕೊಟ್ಟಿದ್ದರು. ಅದನ್ನು ಬೇಡ ಅನ್ನುವವರು ಯಾರು. ಅನ್ನಬೇಕಿತ್ತು ಅಂತಲೂ ಅವಳಿಗೆ ಅನಿಸಿರಲಿಲ್ಲ. ಫೆಬ್ರವರಿಯಲ್ಲಿ ಟಿಕೆಟ್ ಮಾರುವ ವಿಡಿಯೊಕ್ಕೆ ಖಾಲಿ ಕೋರ್ಟಿನ ನಡುವೆ ನಿಲ್ಲಿಸಿ ಒಂದು ಸಾಲು ಹೇಳು ಅಂದರು. "ನಾವೆಲ್ಲೂ ಹೋಗಲ್ಲ." ನಾಲ್ಕು ಸಲ ಹೇಳಿದಳು. ಮೂರನೆಯದು ಚೆನ್ನಾಗಿ ಬಂತು ಅಂದರು, ಅದರಲ್ಲಿ ಸ್ವಲ್ಪ ನಗು ಇತ್ತಂತೆ. ಆಮೇಲೆ ಆ ಸಾಲನ್ನೇ ಅಂಗಿಗಳ ಮೇಲೆ ಅಚ್ಚು ಹಾಕಿಸಿ ಮಾರಿದರು.

ಹನ್ನೆರಡು ಗಂಟೆಗೆ ಹಳೆಯ ಅಭಿಮಾನಿಗಳನ್ನು ಕೋರ್ಟಿನ ಮೇಲೆ ಬಿಟ್ಟರು. ಆಟ ಮುಗಿದ ಮೇಲೆ ಕೋರ್ಟಿನ ಹಲಗೆಗಳನ್ನು ಕೊಯ್ದು ಮಾರುವವರಿದ್ದರು. ಬೇಕಾದ ಚೌಕಕ್ಕೆ ಈಗಲೇ ಹೆಸರು ಬರೆದ ಚೀಟಿ ಅಂಟಿಸಬಹುದಿತ್ತು. ಮರದ ಮೇಲೆ ಜನ ಮೊಣಕಾಲೂರಿ ಕೂತು ತಮ್ಮ ತಮ್ಮ ತುಂಡನ್ನು ಹುಡುಕುತ್ತಿದ್ದರು. ಒಬ್ಬ, ತಂಡ ಗೆದ್ದ ವರ್ಷ ಕೊನೆಯ ಬಾಸ್ಕೆಟ್ ಎಸೆದ ಜಾಗ ಇದೇ ಅಂದ. ಇನ್ನೊಬ್ಬ, ಅಲ್ಲ ಅದು ಆ ಕಡೆ ಅಂದ. ಇಬ್ಬರೂ ಜಗಳಕ್ಕೆ ನಿಂತರು. ಅರ್ಧಕ್ಕರ್ಧ ಜನ 'ನಾವೆಲ್ಲೂ ಹೋಗಲ್ಲ' ಅಂಗಿ ಹಾಕಿಕೊಂಡಿದ್ದರು. ಕೆಲವರು 'ಹೋಗಲ್ಲ'ದ ಮೇಲೆ ಕಪ್ಪು ಪಟ್ಟಿ ಅಂಟಿಸಿದ್ದರು. ಒಬ್ಬಳು ಅದೇ ಅಂಗಿಯ ಮೇಲೆ ವರ್ನೆಟ್‌ಳ ಸಹಿ ಕೇಳಿದಳು. ಬಟ್ಟೆಯನ್ನು ಹೊಟ್ಟೆಯ ಮೇಲೆ ಎಳೆದು ಬಿಗಿ ಮಾಡಿ ಕೊಟ್ಟಳು. ವರ್ನೆಟ್ ಬರೆದಳು. ಪೆನ್ನಿನ ಕೆಳಗೆ ಹೊಟ್ಟೆ ಮೆತ್ತಗೆ ಒಳಗೆ ಹೋಗಿ ಹೊರಗೆ ಬಂತು. ಪಾಪ್‌ಕಾರ್ನಿನ ಕರಿದ ಎಣ್ಣೆಯ ವಾಸನೆ ಬರುತ್ತಿತ್ತು. ಇವರಿಗೆ ಯಾಕೆ ಸಿಟ್ಟು ಬರುವುದಿಲ್ಲ ಅಂತ ಅವಳಿಗೆ ಹೇಸಿಗೆಯಾಯಿತು. ಮೋಸಹೋದವರು ಬಂದು ಮೋಸದ ಚೂರನ್ನೇ ಕೊಂಡುಕೊಂಡು ಹೋಗಿ ಗೋಡೆಗೆ ಮೊಳೆ ಹೊಡೆಯುತ್ತಾರೆ. ಇವರಿಗೆ ಸಿಟ್ಟು ಬಾರದೇ ಇರುವುದೇ ತನಗೆ ಬೇಕಿರುವುದು ಅನ್ನುವುದೂ ಅವಳಿಗೆ ಗೊತ್ತಿತ್ತು.

ಓಡೆಟ್ ಗಾನ್ಯೋನ್ ಮೊಣಕಾಲೂರಿರಲಿಲ್ಲ. ರಿಂಗಿನ ಕೆಳಗೆ ಕೋಲು ಹಿಡಿದು ನಿಂತಿದ್ದಳು. ಎಪ್ಪತ್ತೊಂದು ವರ್ಷ, ಗಿರಣಿಯಲ್ಲಿ ದಾರ ಸುತ್ತಿದವಳು. ಕೈಯಲ್ಲಿ ಬಟ್ಟೆ ಸುತ್ತಿದ ತಟ್ಟೆ. ಈ ವರ್ಷದ ತನಕ ಹತ್ತೊಂಬತ್ತು ವರ್ಷ ಊರಿನಲ್ಲಿ ನಡೆದ ಒಂದು ಆಟವನ್ನೂ ಅವಳು ತಪ್ಪಿಸಿದವಳಲ್ಲ. ವರ್ನೆಟ್‌ಗೆ ಮೊದಲ ಸಲ ಮೊಣಕಾಲು ಕೊಯ್ದಾಗ ಆರು ವಾರ ತನ್ನ ಕಾರಿನಲ್ಲಿ ವ್ಯಾಯಾಮಕ್ಕೆ ಕರೆದುಕೊಂಡು ಹೋದವಳು. ನಾಯಿಯ ವಾಸನೆಯ ಕಾರು, ಸೀಟಿನ ತುಂಬ ಬಿಳಿ ರೋಮ. ಮಾರ್ಚ್‌ನಲ್ಲಿ ಒಂದು ದಿನ ಫೋನ್ ಮಾಡಿದ್ದಳು. ನನ್ನ ಮೊಣಕಾಲೂ ಬದಲಾಯಿಸಬೇಕಂತೆ, ಮೇ ತಿಂಗಳಲ್ಲಿ ದಿನ ಕೊಟ್ಟಿದ್ದಾರೆ, ಮಾಡಿಸಿಕೊಂಡರೆ ಹತ್ತಿರ ಹತ್ತಿರ ಇಡೀ ಸೀಸನ್ ಹೋಗುತ್ತದೆ, ಚಳಿಗಾಲಕ್ಕೆ ತಳ್ಳಲಾ? ಮುಂದಿನ ವರ್ಷ ನೀವು ಇರ್ತೀರಿ ತಾನೆ, ನೀನೇ ಹೇಳು, ನೀನು ಹೇಳಿದ ಹಾಗೆ ಮಾಡ್ತೀನಿ. ವರ್ನೆಟ್ ಆಗ ಅಡುಗೆಮನೆಯಲ್ಲಿ ಮೊಟ್ಟೆ ಒಡೆಯುತ್ತಿದ್ದಳು. ಒಂದು ಮೊಟ್ಟೆಯ ಲೋಳೆ ಬೆರಳಿನಿಂದ ಇಳಿದು ಮಣಿಕಟ್ಟಿಗೆ ಬಂತು. "ಇರ್ತೀವಿ ಮಿಸ್ ಓಡೆಟ್. ಮಾಡಿಸ್ಕೊಳ್ಳಿ," ಅಂದಿದ್ದಳು. ಯಾರೂ ಕ್ಯಾಮೆರಾ ಹಿಡಿದಿರಲಿಲ್ಲ. ಆ ಮಾತನ್ನು ಲಿಂಡ್ ಹೇಳಿಸಿರಲಿಲ್ಲ. ಒಂದೇ ಸಲಕ್ಕೆ ಚೆನ್ನಾಗಿ ಬಂದಿತ್ತು.

"ಬಾರೇ ಇಲ್ಲಿ," ಅಂದಳು ಓಡೆಟ್. "ಏನ್ ಹಿಂಗೆ ಒಣ್ಗೋಗಿದೀಯ? ಅವರು ಊಟ ಹಾಕಲ್ವಾ ನಿಂಗೆ?"

"ನಡೀತಿದೀರಲ್ಲ ಮಿಸ್ ಓಡೆಟ್!"

"ನಡೀದೇ ಏನ್ ಮಾಡ್ಲಿ? ಸ್ಟೀಲ್ ಹಾಕಿದಾರೆ ಒಳಗೆ. ಕಾಲು ಹೊಸದು, ಉಳಿದಿದ್ದೆಲ್ಲ ಹಳೇದು. ಡಾಕ್ಟ್ರು ಇನ್ನೂ ಎರಡು ವಾರ ಹೊರಗೆ ಹೋಗ್ಬೇಡಿ ಅಂದ. ಹೋಗಯ್ಯಾ ನಿನ್ನ, ಇವತ್ತು ಬಿಟ್ರೆ ಇನ್ಯಾವತ್ತು ಹೋಗ್ಲಿ, ಡೆನ್ವರ್‌ಗೆ ಬರ್ಲಾ ಅಂದೆ." ನಕ್ಕಳು. ಆಮೇಲೆ ಬಟ್ಟೆ ಬಿಚ್ಚಿದಳು. ಹಿಟ್ಟಿನೊಳಗೆ ಹಂದಿಮಾಂಸ ತುಂಬಿ ಬೇಯಿಸಿದ ಪೈ. ಅವಳ ಜನ ಕೆನಡಾದಿಂದ ಗಿರಣಿಗೆ ಬಂದಾಗ ತಂದ ಅಡುಗೆ. ಕ್ರಿಸ್‌ಮಸ್‌ಗೆ ಮಾತ್ರ ಮಾಡುವುದು. "ಕ್ರಿಸ್‌ಮಸ್ ತನಕ ನೀನಿರಲ್ಲ, ಅದಕ್ಕೇ ಈಗ್ಲೇ ಮಾಡ್ದೆ. ಲವಂಗ ಜಾಸ್ತಿ ಆಯ್ತು. ತಿನ್ನು."

"ಆಟ ಇದೆ, ಮಿಸ್ ಓಡೆಟ್..."

"ಒಂದು ತುತ್ತು ತಿನ್ನೇ. ನಿಂತ್ಕೊಂಡು ಬೇಯ್ಸಿದೀನಿ, ಒಂದೇ ಕಾಲಲ್ಲಿ."

ತಿಂದಳು. ಕೊಬ್ಬು ತಣ್ಣಗಾಗಿ ಅಂಗುಳಕ್ಕೆ ಮೆತ್ತಿಕೊಂಡಿತು. ಲವಂಗ ನಾಲಗೆಯನ್ನು ಮರಗಟ್ಟಿಸಿತು. ಓಡೆಟ್ ಅವಳು ಅಗಿಯುವುದನ್ನೇ ನೋಡುತ್ತಿದ್ದಳು. ಹತ್ತಿರದಲ್ಲಿ ಆ ಇಬ್ಬರು ಗಂಡಸರು ಇನ್ನೂ ಚೌಕಕ್ಕಾಗಿ ಜಗಳವಾಡುತ್ತಿದ್ದರು.

"ನೋಡು, ಹದಿನೇಳು ಆಟ ಟೀವಿಲಿ ನೋಡ್ದೆ," ಅಂದಳು ಓಡೆಟ್. "ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಮಾರ್ಚಲ್ಲಿ ನಾನು ಫೋನ್ ಮಾಡ್ದಾಗ, ನಿಂಗೆ ಗೊತ್ತಿತ್ತಾ?"

ಅವಳ ಧ್ವನಿಯಲ್ಲಿ ಜಗಳ ಇರಲಿಲ್ಲ. ಅಂಗಡಿಯಲ್ಲಿ ಹಾಲು ಇವತ್ತಿನದಾ ಅಂತ ಕೇಳುವ ಹಾಗೆ ಕೇಳಿದಳು. ಹೌದು ಅಂದರೆ ಏನಾಗುತ್ತಿತ್ತು ಅಂತ ವರ್ನೆಟ್ ತಿಂಗಳುಗಟ್ಟಲೆ ಯೋಚನೆ ಮಾಡಿದ್ದಳು. ಜೂನ್‌ನಲ್ಲಿ, ಸುದ್ದಿ ಬಂದ ದಿನ, ಓಡೆಟ್ ಮಲಗಿದ್ದ ಮನೆಗೆ ಹೂವು ತೆಗೆದುಕೊಂಡು ಹೋಗಿ ಬಾಗಿಲ ತನಕ ನಡೆದು, ಹೂವನ್ನು ಮೆಟ್ಟಿಲ ಮೇಲಿಟ್ಟು, ಗಂಟೆ ಒತ್ತದೆ ವಾಪಸು ಬಂದಿದ್ದಳು. ಹೇಳಿದರೆ ಓಡೆಟ್ ಬೈಯುತ್ತಾಳೆ, ಅಳುತ್ತಾಳೆ, ಆಮೇಲೆ ಕ್ಷಮಿಸುತ್ತಾಳೆ ಅನ್ನುವ ನಂಬಿಕೆ ಇತ್ತು. ಆ ಕ್ಷಮೆಯ ಮೇಲೆ ಕಣ್ಣಿಟ್ಟುಕೊಂಡೇ ಇವತ್ತು ಹೇಳಬೇಕು ಅಂತ ಬೆಳಿಗ್ಗೆಯಿಂದ ಅಂದುಕೊಂಡಿದ್ದಳು. ಈಗ ಬಾಯಿ ತುಂಬ ಅವಳು ಮಾಡಿ ತಂದ ಮಾಂಸ. ನುಂಗಿದಳು.

"ಇಲ್ಲ ಮಿಸ್ ಓಡೆಟ್."

"ಹಂಗೇ ಅಂದ್ಕೊಂಡೆ." ಓಡೆಟ್ ಅವಳ ಕೆನ್ನೆ ತಟ್ಟಿದಳು. "ನನ್ ಮಗಳು ಬೇರೆ ಏನೇನೋ ಅಂದ್ಲು. ಆ ಹುಡುಗಿ ಹಂಗಲ್ಲ, ನಿಂಗೇನ್ ಗೊತ್ತು, ಸುಮ್ನಿರು ಅಂದೆ. ಹೋಗು, ಬಾಯಿ ತೊಳ್ಕೋ. ನಾನು ಇವತ್ತು ಎಷ್ಟೊತ್ತಾದ್ರೂ ನಿಂತಿರ್ತೀನಿ, ಆದ್ರೆ ಬೇಗ ಹಾಕ್ರೇ, ಸ್ವಲ್ಪ ಕರುಣೆ ಇರ್ಲಿ."

ಬೇಸಿನ್ನಿನ ಹತ್ತಿರ ಹೋಗಿ ಬೆರಳು ಹಾಕಿ ವಾಂತಿ ಮಾಡಿಕೊಳ್ಳಲು ನೋಡಿದಳು. ಬರಲಿಲ್ಲ. ಲವಂಗ ಮಾತ್ರ ಗಂಟಲಲ್ಲಿ ಏರಿ ಇಳಿಯಿತು. ಕನ್ನಡಿಯಲ್ಲಿ ತನ್ನ ಮುಖ ಏನೂ ಆಗದವರ ಮುಖದ ಹಾಗಿತ್ತು. ಹಿಂದಿನಿಂದ ಡಾಜಾ, "ಅಯ್ಯೋ ಅಜ್ಜಿ, ಬಸುರಿ ಏನೇ?" ಅಂದಳು. ಎಲ್ಲರೂ ನಕ್ಕರು. ವರ್ನೆಟ್ ಕೂಡ ನಕ್ಕಳು. ಆ ನಗು ಚೆನ್ನಾಗಿ ಬಂತು.

ಮೂರಕ್ಕೆ ಐದು ನಿಮಿಷ ಇರುವಾಗ ದೀಪ ಆರಿಸಿದರು. ಜನ ಆಗಲೇ ಎದ್ದು ನಿಂತಿದ್ದರು. ಕೋರ್ಟಿನ ನಡುವೆ ಅವಳೊಬ್ಬಳನ್ನು ನಿಲ್ಲಿಸಿ ಮೇಲಿಂದ ಬೆಳಕು ಬಿಟ್ಟರು. ಪರದೆಯ ಮೇಲೆ ಹನ್ನೆರಡು ವರ್ಷಗಳ ಉದ್ದಕ್ಕೂ ವರ್ನೆಟ್ ಓಡಿದಳು, ಬಿದ್ದಳು, ಎದ್ದಳು, ಕೋಲು ಹಿಡಿದು ನಡೆದಳು, ಜಡೆ ಹಾರಿಸಿಕೊಂಡು ಎಸೆದಳು. ಜನ ಕೂಗಿದರು. ಆಮೇಲೆ ಘೋಷಕನ ಧ್ವನಿ, ಖುಷಿಯಿಂದ ಉಬ್ಬಿಕೊಂಡು: "ಆದರೆ ಇದು ವಿದಾಯ ಅಲ್ಲ! ನಮ್ಮ ವರ್ನೆಟ್ ಡೆನ್ವರ್‌ನಲ್ಲೂ ತಂಡದ ಜೊತೆಗೇ ಇರ್ತಾರೆ, ಕೋಚ್ ಆಗಿ! ಆ ಒಪ್ಪಂದ ಆದ ಕ್ಷಣ ಇಲ್ಲಿದೆ ನೋಡಿ!" ಪರದೆಯಲ್ಲಿ ಲಿಂಡ್‌ನ ಕೋಣೆ. ಲಿಂಡ್ ಹಲ್ಲು ಬಿಟ್ಟುಕೊಂಡು ಕೈ ಕುಲುಕುತ್ತಿದ್ದಾನೆ. ಎದುರಿಗೆ ನುಣ್ಣಗಿನ ತಲೆಯ ವರ್ನೆಟ್, ಅವಳ ನಗು. ಇಬ್ಬರ ನಡುವೆ ಕಿಟಕಿ. ಕಿಟಕಿಯ ತುಂಬ ಹಿಮ.

ಪರದೆಯ ಮೇಲೆ ನಾಲ್ಕು ಮಹಡಿ ಎತ್ತರಕ್ಕೆ ಹಿಮ ಬಿದ್ದಿತ್ತು. ಪಾರ್ಕಿಂಗ್ ಜಾಗದ ಕಾರುಗಳ ಮೇಲೆ, ತಂಡದ ಹೆಸರಿನ ಹಲಗೆಯ ಮೇಲೆ. ಲಿಂಡ್ ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದ, ಅವನಿಗೆ ಕಾಣಿಸಿದ್ದು ಅವನ ಕೈ ಮಾತ್ರ. ಜನರೂ ತಟ್ಟುತ್ತಿದ್ದರು. ಎಂಟು ಸಾವಿರ ಜನ, ಕಣ್ಣೀರು ಒರೆಸಿಕೊಳ್ಳುವ ಗಡಿಬಿಡಿಯಲ್ಲಿ, ಹಿಮ ನೋಡಲಿಲ್ಲ ಅಂತ ಅವಳಿಗೆ ಅನಿಸಿತು. ನೋಡಿದವರೂ ಇರಬಹುದು. ಅವರಿಗೆ ಅದು ಹಿಮ, ಅಷ್ಟೆ. ಒಪ್ಪಂದ ಚಳಿಗಾಲದಲ್ಲೇ ಆಗಿತ್ತು ಅಂತ ಲೆಕ್ಕ ಹಾಕುವವಳು ಮಾರ್ಚ್‌ನಲ್ಲಿ ಫೋನ್ ಮಾಡಿದವಳು ಒಬ್ಬಳೇ. ದೀಪ ಹತ್ತಿತು. ಅವಳು ತಲೆ ತಗ್ಗಿಸಿ ಬೂಟಿನ ದಾರ ಬಿಚ್ಚಿ, ಮತ್ತೆ ಕಟ್ಟಿದಳು.

ಆಟ ಶುರುವಾಯಿತು. ಹೇಳಿದ ಹಾಗೇ ಎದುರಾಳಿ ತಂಡದವಳು ಚೆಂಡಿಗೆ ಹಾರಿದ ಹಾಗೆ ಮಾಡಿ ಹಾರಲಿಲ್ಲ. ಚೆಂಡು ವರ್ನೆಟ್‌ಳ ಕೈಗೆ ಬಂತು. ಚಪ್ಪಾಳೆ ತಾಳ ಹಿಡಿಯಿತು. ಅವಳು ಚೆಂಡು ಪುಟಿಸುತ್ತ ನಡೆದಳು, ಓಡುವ ಅಗತ್ಯವೇ ಇರಲಿಲ್ಲ. ದಾರಿಯುದ್ದಕ್ಕೂ ಎದುರಾಳಿಗಳು ಮದುವೆಮನೆಯಲ್ಲಿ ಹಿರಿಯರಿಗೆ ಜಾಗ ಬಿಡುವ ಹಾಗೆ ಪಕ್ಕಕ್ಕೆ ಸರಿದರು. ರಿಂಗಿನ ಕೆಳಗೆ ಬಂದು ನಿಂತು ಮೇಲೆ ನೋಡಿದಳು. ಬಲೆಯ ಹಿಂದೆ, ಮೂರನೇ ಸಾಲಿನಲ್ಲಿ, ನಿಂತವರ ನಡುವೆ ಒಂದು ಸಂದು ಇತ್ತು.

ಓಡೆಟ್ ಕೂತಿದ್ದಳು. ಕೋಲು ಮಂಡಿಗಳ ಮಧ್ಯೆ, ಅದರ ಮೇಲೆ ಎರಡೂ ಕೈ. ಪಕ್ಕದವರು ಬಗ್ಗಿ ಏನೋ ಕೇಳಿದರು, ಕಾಲು ನೋಯುತ್ತಿದೆಯಾ ಅಂತ ಇರಬೇಕು. ಅವಳು ತಲೆ ಅಲ್ಲಾಡಿಸಿದಳು. ಅವಳು ಸಿಟ್ಟಿನಿಂದ ನೋಡುತ್ತಿರಲಿಲ್ಲ. ಬಸ್ಸು ಕಾಯುವವರ ಹಾಗೆ ನೋಡುತ್ತಿದ್ದಳು. ಹತ್ತೊಂಬತ್ತು ವರ್ಷದಲ್ಲಿ, ಗಂಡ ಸತ್ತ ವಾರದಲ್ಲಿ ಕೂಡ, ಮೊದಲ ಬಾಸ್ಕೆಟ್‌ಗೆ ಮುಂಚೆ ಕೂರದವಳು.

ವರ್ನೆಟ್ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಹಾಕದಿದ್ದರೆ ಏನಾಗುತ್ತದೆ ಅಂತ ಹೊಳೆಯಿತು. ಚೆಂಡನ್ನು ಕೆಳಗಿಟ್ಟು ನಿಂತುಬಿಟ್ಟರೆ ಯಾರೂ ಕೂರುವ ಹಾಗಿಲ್ಲ. ನಿಂತೇ ಇರಬೇಕು, ಯಾಕೆ ಅಂತ ಯಾರಾದರೂ ಕೇಳುವ ತನಕ, ಒಬ್ಬಳು ಮಾತ್ರ ಯಾಕೆ ಕೂತಿದ್ದಾಳೆ ಅಂತ ಎಲ್ಲರೂ ತಿರುಗಿ ನೋಡುವ ತನಕ. ಅದಕ್ಕೆ ಮಾತೂ ಬೇಕಾಗಿರಲಿಲ್ಲ. ಸುಮ್ಮನೆ ನಿಂತರೆ ಸಾಕಾಗಿತ್ತು. ಪಕ್ಕದಲ್ಲಿದ್ದ ಎದುರಾಳಿ ಹುಡುಗಿ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದಳು: "ಹಾಕಕ್ಕಾ, ಟೈಮ್ ಆಗ್ತಿದೆ." ಚಪ್ಪಾಳೆಯ ವೇಗ ಹೆಚ್ಚಿತು. ಮೂರನೇ ಸಾಲಿನಲ್ಲಿ ಓಡೆಟ್‌ಳ ಎಡಗಡೆಯವರು ಅವಳತ್ತ ಇನ್ನೊಮ್ಮೆ ಬಗ್ಗಿದರು. ಹಿಂದಿನ ಸಾಲಿನ ಒಬ್ಬನೂ ಕತ್ತು ಚಾಚಿ ನೋಡಿದ.

ಅದನ್ನು ಕಂಡದ್ದೇ ತಡ, ವರ್ನೆಟ್ ಹಾಕಿದಳು. ರಿಂಗಿನ ಹಿಂದಿನ ಹಲಗೆಗೆ ಮೆಲ್ಲಗೆ ತಾಗಿ ಚೆಂಡು ಬಲೆಯೊಳಗೆ ಇಳಿಯಿತು. ಕೂಗು ಎದ್ದಿತು. ಆಮೇಲೆ ಎಂಟು ಸಾವಿರ ಜನ ಒಟ್ಟಿಗೇ ಕೂತರು. ಕುರ್ಚಿಗಳು ಮಡಚಿ ಬಿಚ್ಚುವ ಸದ್ದು ಕೆಳಗಿನಿಂದ ಮೇಲಕ್ಕೆ ಹೋಯಿತು. ಮೂರನೇ ಸಾಲಿನಲ್ಲಿದ್ದ ಸಂದು ಮುಚ್ಚಿಹೋಯಿತು. ಈಗ ಎಲ್ಲರೂ ಕೂತಿದ್ದರು. ಅವರಲ್ಲಿ ಮೊದಲೇ ಕೂತವಳು ಯಾರು ಅಂತ ಹೇಳಲು ಯಾರಿಂದಲೂ ಸಾಧ್ಯವಿರಲಿಲ್ಲ.

"ಅಜ್ಜಿ, ಹಿಂದೆ ಬಾರೇ, ಅವರ ಚೆಂಡು!" ಬೆಂಚಿನಿಂದ ಡಾಜಾ ಕಿರುಚಿದಳು. ವರ್ನೆಟ್ ತಿರುಗಿ ಓಡಿದಳು. ಎದೆ ಹಗುರಾಗಿತ್ತು. ನೋವಿನ ಮೊಣಕಾಲು ಕೂಡ ಹಗುರಾಗಿತ್ತು. ಅದು ಗೊತ್ತಾದಾಗ ಅವಳು ಹಲ್ಲಿನ ರಬ್ಬರನ್ನು ಬಲವಾಗಿ ಕಚ್ಚಿದಳು, ಲವಂಗದ ರುಚಿ ಬಂತು, ಉಗಿಯಲು ಜಾಗವಿರಲಿಲ್ಲ, ನುಂಗಿಕೊಂಡು ಓಡಿದಳು.